ತೊಂಬತ್ತನೆಯ ಹೆಜ್ಜೆ

ಆರು ದಿನದ ನಡಿಗೆಯನ್ನು ಅವಳು ಮೊದಲು ನಾಲ್ಕಕ್ಕೆ ಇಳಿಸಿದ್ದಳು, ಆಮೇಲೆ ಮೂರೂವರೆಗೆ. ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆಲ್ಲ ಊಟದ ಮೇಜನ್ನು ಎರಡು ಸಲ ಒರೆಸಿ, ನಕ್ಷೆ ಬಿಡಿಸಿ, ಅದು ಸುರುಳಿ ಸುತ್ತಿಕೊಳ್ಳದ ಹಾಗೆ ಮೂಲೆಗಳ ಮೇಲೆ ಉಪ್ಪಿನ ಭರಣಿ, ಸಕ್ಕರೆ ಡಬ್ಬಿ, ನಿಘಂಟು ಮತ್ತು ನಿಂತುಹೋದ ಅಲಾರಾಂ ಗಡಿಯಾರ ಇಟ್ಟು ಕೂತಿದ್ದಳು. ತಂಗಿ ಮತ್ತು ತಂಗಿಯ ಗಂಡ ಹನ್ನೊಂದಕ್ಕೆ ಬರುವವರಿದ್ದರು. ಮೂವರೂ ಬೆನ್ನಿಗೆ ಚೀಲ ಹೊತ್ತು ಬೆಟ್ಟಗಳ ನಡುವೆ ನಡೆಯಬೇಕಾದ ದಾರಿ ಇವತ್ತು ಗೊತ್ತಾಗಬೇಕಿತ್ತು: ಯಾವ ದಿನ ಎಲ್ಲಿಂದ ಎಲ್ಲಿಗೆ, ನೀರು ಎಲ್ಲಿ, ಡೇರೆ ಎಲ್ಲಿ. 'ಪ್ಲಾನ್ ನೀನೇ ಮಾಡಕ್ಕಾ. ನೀನು ಮಾಡಿದ್ರೆ ಕಣ್ಮುಚ್ಕೊಂಡು ನಡೀಬಹುದು' ಎಂದು ತಂಗಿ ಫೋನಿನಲ್ಲಿ ಹೇಳಿ ಮೂರು ವಾರವಾಗಿತ್ತು. ಕಣ್ಣು ಮುಚ್ಚಿಕೊಂಡು. ಆ ಮಾತು ಅವತ್ತಿನಿಂದ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಕೂತಿತ್ತು. ಬೇಡವೆಂದರೂ ನಾಲಗೆ ಅಲ್ಲಿಗೇ ಹೋಗುತ್ತಿತ್ತು. ಮೇಜಿನ ಮೇಲೆ ನಕ್ಷೆಯ ಪಕ್ಕದಲ್ಲಿ ಅವಳು ನೀಟಾಗಿ ಬರೆದಿಟ್ಟ ಎರಡು ಹಾಳೆಯ ಯೋಜನೆ ಇತ್ತು. ಇಪ್ಪತ್ತೆರಡು ವರ್ಷ ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದಿದವಳಾದ್ದರಿಂದ ತನ್ನ ಬರಹವನ್ನೂ ಬೇರೆಯವರದೆನ್ನುವಂತೆ ಬೆರಳಿಟ್ಟು ಓದಿದಳು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ದಾರಿ ಉದ್ದಕ್ಕೂ ನದಿಯ ಪಕ್ಕದಲ್ಲೇ ಹೋಗುತ್ತಿತ್ತು, ನದಿಯ ಪಕ್ಕದಲ್ಲೇ ಡಾಂಬರು ರಸ್ತೆ ಹೋಗುತ್ತಿತ್ತು, ರಸ್ತೆಯಲ್ಲಿ ಗಂಟೆಗೊಂದು ಬಸ್ಸು ಓಡುತ್ತಿತ್ತು. ಎರಡು ಶಿಖರಗಳ ನಡುವಿನ ಆ ಎತ್ತರದ ಸಂದು, ಹೋದ ಸಲ ದಾಟಲಾಗದೆ ಹಿಂದೆ ಬಂದದ್ದು, ಯೋಜನೆಯಲ್ಲಿ ಎಲ್ಲೂ ಇರಲಿಲ್ಲ. ಅಷ್ಟು ಶುದ್ಧವಾದ, ಅಷ್ಟು ಪುಕ್ಕಲು ಬರಹವನ್ನು ಅವಳು ತನ್ನ ಕೆಲಸದಲ್ಲೂ ಓದಿರಲಿಲ್ಲ.

ಯಾರಾದರೂ ಸಂದಿನ ಮಾತು ಎತ್ತಿದರೆ ಇರಲಿ ಎಂದು ಮೂರು ಕಾರಣಗಳನ್ನೂ ಹೊಂದಿಸಿಟ್ಟುಕೊಂಡಿದ್ದಳು. ಮೇಲೆ ಮಣ್ಣು ಕುಸಿದಿದೆಯಂತೆ. ಅರಣ್ಯ ಇಲಾಖೆಯವರು ಅನುಮತಿ ಕೊಡುತ್ತಿಲ್ಲವಂತೆ. ಎರಡೂ ನಡೆಯದಿದ್ದರೆ, ನನ್ನ ಮಂಡಿ ಯಾಕೋ ಸರಿಯಿಲ್ಲ. ಈ ಮೂರನೆಯದನ್ನು ಹೇಗೆ ಹೇಳುವುದೆಂದು ನಿನ್ನೆ ಸಂಜೆ ಹಜಾರದ ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ಕುಂಟಿ ನೋಡಿದ್ದಳು. ಬಲಗಾಲನ್ನು ಸ್ವಲ್ಪ ಹೊರಕ್ಕೆ ಎಸೆದು, ಹಿಮ್ಮಡಿ ಪೂರ್ತಿ ಊರದೆ, ಸೊಂಟವನ್ನು ಚೂರು ಎತ್ತಿ. ನಾಲ್ಕನೆಯ ಹೆಜ್ಜೆಗೆ ಕನ್ನಡಿಯಲ್ಲಿ ಕಂಡದ್ದು ಮಂಡಿ ನೋವಿನ ಹೆಂಗಸಲ್ಲ, ಅವಳ ತಂಗಿ. ಬೇರೆ ಕುಂಟು ಅವಳಿಗೆ ಗೊತ್ತೇ ಇರಲಿಲ್ಲ. ನಾಲ್ಕು ವರ್ಷದಿಂದ ಹತ್ತಿರದಿಂದ ನೋಡಿದ್ದು ಅದೊಂದನ್ನೇ. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಮುಖಕ್ಕೆ ಬಿಸಿ ಏರಿ ಅವಳು ಹಜಾರದ ದೀಪ ಆರಿಸಿ, ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಿದ್ದಳು.

ಇಷ್ಟಕ್ಕೂ ಈ ಕಸಿವಿಸಿ ಶುರುವಾದದ್ದು ಶುಕ್ರವಾರ, ಮುದ್ರಣಾಲಯದಲ್ಲಿ. ರಟ್ಟು ಕಟ್ಟುವ ಮುದುಕ ಅವಳ ಮೇಜಿನ ಹತ್ತಿರ ಬಂದು ಹೊಸ ಪುಸ್ತಕದ ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅಂಟು ಒಣಗಿದ ಅವನ ಬೆರಳುಗಳು ಕಾಗದಕ್ಕಿಂತ ಬೆಳ್ಳಗಿದ್ದವು. 'ಮೇಡಂ, ನಂಗೆ ಓದು ಅಷ್ಟಕ್ಕಷ್ಟೇ. ಆದ್ರೂ ಕೇಳ್ತೀನಿ, ಇದು ಹೀಗೇನಾ?' ಎಂದ. ಅವಳು ಕನ್ನಡಕದೊಳಗಿಂದ ನೋಡಿದಳು. ಭೂಗೋಳ ಎಂದಿರಬೇಕಾದದ್ದು ದಪ್ಪ ಅಕ್ಷರದಲ್ಲಿ ಬೂಗೋಳ ಎಂದಿತ್ತು. ಭಕಾರದ ಕೆಳಗಿನ ಸಣ್ಣ ಸೀಳು ಇರಲಿಲ್ಲ. ಎಂಟು ಸಾವಿರ ಹೊದಿಕೆ. 'ಅದು ಶಾಯಿ ತುಂಬಿಕೊಂಡು ಸೀಳು ಮುಚ್ಚಿಹೋಗಿದೆ, ಯಂತ್ರದವರಿಗೆ ಹೇಳಿ' ಎಂದು ಅವಳ ಬಾಯಿ ಅವಳನ್ನು ಕೇಳದೆಯೇ ಹೇಳಿಬಿಟ್ಟಿತು. ಮುದುಕ ತಲೆ ಆಡಿಸಿದ. 'ಹೌದೇನೋ. ಎಂಟು ಸಾವಿರದಲ್ಲೂ ಒಂದೇ ಕಡೆ ತುಂಬಿಕೊಂಡಿದೆ' ಎಂದು, ಅಣಕವಿಲ್ಲದೆ, ನಿಜವಾಗಿಯೂ ಆಶ್ಚರ್ಯಪಟ್ಟವನ ಹಾಗೆ ಹೇಳಿ ಹೊರಟುಹೋದ. ಅವಳು ಮೇಜಿನ ಖಾನೆ ಎಳೆದು ತಾನೇ ಸಹಿ ಹಾಕಿದ ಕರಡನ್ನು ತೆಗೆದು ನೋಡಿದಳು. ಬೂಗೋಳ. ಅದರ ಕೆಳಗೆ ಅವಳ ಸಹಿ, ದುಂಡಗೆ. ತಪ್ಪಿಗಿಂತ ಅವಳನ್ನು ಕಾಡಿದ್ದು ಆ ಉತ್ತರ ಬಂದ ವೇಗ. ಅದೇ ದನಿ, ಅದೇ ನಿರಾಳ. ಶಾಯಿ. ಯಂತ್ರದವರು. ಮಂಜು. ಬೂಟು.

ನಾಲ್ಕು ವರ್ಷದ ಹಿಂದೆ ಅವತ್ತು ಸಂದಿನ ಮೇಲೆ ನಿಜವಾಗಿಯೂ ಮಂಜಿತ್ತು, ಅಷ್ಟು ಸತ್ಯ. ಆದರೆ ಬಟ್ಟೆಯ ಹಾಗೆ ಮುಚ್ಚಿದ ಮಂಜಲ್ಲ, ಹತ್ತಿಯ ಹಾಗೆ ಬಂದು ಬಂದು ಹೋಗುವ ಮಂಜು. ನಡಿಗೆಯ ಮೂರನೆಯ ದಿನ, ಬೆಳಗಿನ ಹತ್ತು ಗಂಟೆ. ಸಂದಿನಿಂದ ಆಚೆ ಎರಡು ಕೊರಕಲುಗಳು ಕೆಳಗಿಳಿಯುತ್ತಿದ್ದವು, ಒಂದು ಎಡಕ್ಕೆ, ಒಂದು ಬಲಕ್ಕೆ. ತಂಗಿ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದಳು; ತಂಗಿಯ ಗಂಡ ಇನ್ನೂ ಹಿಂದೆಲ್ಲೋ ಇದ್ದ. ಅವಳು ನಕ್ಷೆ ಬಿಡಿಸಿದಳು. ಕಂದು ಗೆರೆಗಳು ಒಂದರೊಳಗೊಂದು ಕರಗಿ ಒದ್ದೆ ಕೂದಲಿನ ಹಾಗೆ ಕಂಡವು. ಓದುವ ಕನ್ನಡಕ ಚೀಲದ ಮೇಲಿನ ಜೇಬಿನಲ್ಲಿತ್ತು. ಎರಡು ತಿಂಗಳ ಹಿಂದೆ ಮಾಡಿಸಿದ್ದು. ಮುದ್ರಣಾಲಯದಲ್ಲಿ ಯಾರಿಗೂ ಹೇಳಿರಲಿಲ್ಲ, ಮನೆಯವರಿಗೂ ಹೇಳಿರಲಿಲ್ಲ. ನಮ್ಮ ಮೇಡಂ ಕಣ್ಣಿಗೆ ಬಿದ್ದರೆ ಕಾಗದದ ಮೇಲಿನ ನೊಣವೂ ವ್ಯಾಕರಣಶುದ್ಧವಾಗಿ ಹಾರುತ್ತೆ ಎಂದು ಮಾಲೀಕರು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಕಣ್ಣಿಗೆ ಮುಪ್ಪು ಬಂತೆಂದು ಯಾವ ಬಾಯಲ್ಲಿ ಹೇಳುವುದು? ಕೈ ಹಿಂದೆ ಹಾಕಿ ಜೇಬಿನ ಜಿಪ್ ಎಳೆದು ಕನ್ನಡಕ ತೆಗೆಯಲು ಹತ್ತು ಸೆಕೆಂಡು ಸಾಕಿತ್ತು. ಅವಳು ನಕ್ಷೆಯನ್ನು ಸ್ವಲ್ಪ ದೂರ ಹಿಡಿದಳು, ಕಣ್ಣು ಕಿರಿದು ಮಾಡಿದಳು, 'ಎಡಕ್ಕೆ' ಎಂದಳು. ಅಂದಾಜಿನ ದನಿಯಲ್ಲಲ್ಲ. ಗೊತ್ತಿಲ್ಲದಿದ್ದಾಗಲೇ ಅವಳ ದನಿ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಎಡಕ್ಕೆ ಇಳಿದರು. ಸ್ವಲ್ಪ ದೂರದಲ್ಲಿ ಕೊರಕಲು ಇದ್ದಕ್ಕಿದ್ದಂತೆ ಕಡಿದಾಗಿ, ಕಾಲ ಕೆಳಗಿನ ಜಲ್ಲಿಯೆಲ್ಲ ಒಟ್ಟಿಗೆ ಹರಿಯತೊಡಗಿತು. ತಂಗಿ ಕೂಗಲಿಲ್ಲ. ಚೀಲ ಸಮೇತ ಕೂತ ಭಂಗಿಯಲ್ಲೇ ಜಾರಿ, ಒಂದು ಬಂಡೆಗೆ ಕಾಲು ಕೊಟ್ಟು ನಿಂತಳು. ಆ ಕಾಲು ನಿಂತ ಕೋನ ಸರಿಯಿರಲಿಲ್ಲ.

ಕೊನೆಗೆ ಒಬ್ಬ ಹೇಸರಗತ್ತೆಯವನು ಸಿಕ್ಕಿ, ಕತ್ತೆಯ ಮೇಲಿನ ಮೂಟೆ ಇಳಿಸಿ ತಂಗಿಯನ್ನು ಕೂರಿಸಿಕೊಂಡ. ಹೊರಡುವ ಮೊದಲು ತಿರುಗಿ ಮೇಲಕ್ಕೆ ನೋಡಿ, 'ಈ ಕಡೆ ಯಾಕೆ ಇಳಿದ್ರಿ? ದಾರಿ ಬಲಕ್ಕಲ್ವಾ?' ಎಂದು ಕೇಳಿದ್ದ. 'ಮಂಜು' ಎಂದಿದ್ದಳು ಅವಳು. ಅವನು ಆಕಾಶ ನೋಡಿದ, ಅವಳನ್ನು ನೋಡಿದ, ಕತ್ತೆಯ ಕಿವಿ ಹಿಡಿದು ನಡೆದ. ಆಸ್ಪತ್ರೆಯಲ್ಲಿ ಪಾದದ ಗಂಟಿಗೆ ಎರಡು ತಿರುಪು ಹಾಕಿ ಪಟ್ಟಿ ಸುತ್ತಿದಾಗ ಅಮ್ಮ ಬಂದು, ಹೇಗಾಯ್ತೇ ಇದು, ದೊಡ್ಡವಳು ನೀನು ಜೊತೆಗಿದ್ದೂ ಹೇಗಾಯ್ತು ಎಂದು ಕೇಳಿದರು. ಅವಳು ಹಾಸಿಗೆಯ ಕಂಬಿ ಹಿಡಿದು ಹೇಳಿದಳು: 'ಗಟ್ಟಿ ಅಡಿಯ ಬೂಟು ತಗೋ ಅಂತ ನಾನು ಬಡ್ಕೊಂಡಿದ್ದೆ. ಇವಳು ಕೇಳ್ಲಿಲ್ಲ.' ತಂಗಿ ಅವಳ ಮುಖ ನೋಡಿ, ಕಣ್ಣು ಕೆಳಗೆ ಹಾಕಿ, 'ಹೌದಮ್ಮ, ನಂದೇ ತಪ್ಪು' ಎಂದಿದ್ದಳು. ಅಲ್ಲಿಗೆ ಆ ವಿಷಯ ಮುಗಿದಿತ್ತು. ಒಂದೇ ಒಂದು ಸಲ ಜಗಳವಾಗಿದ್ದರೂ ಮುಗಿಯುತ್ತಿತ್ತೇನೋ ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಜಗಳವಿಲ್ಲದೆ ಮುಗಿದದ್ದು ಮುಗಿಯಲೇ ಇಲ್ಲ. ತಂಗಿ ಕೂದಲು ಕತ್ತರಿಸುವವಳು; ಬೆಳಗಿನಿಂದ ಸಂಜೆಯವರೆಗೆ ಕುರ್ಚಿಯ ಸುತ್ತ ನಿಂತೇ ಇರಬೇಕು. ಸಂಜೆ ಪಾದ ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತಿರುತ್ತಿತ್ತು. ಅವಳು ತಂಗಿಯ ಅಂಗಡಿಗೆ ಒಂದು ಎತ್ತರದ ಸ್ಟೂಲು ತಂದುಕೊಟ್ಟಳು, ಬುಧವಾರ ಬುಧವಾರ ತರಕಾರಿ ಹೆಚ್ಚಿ ಡಬ್ಬಿ ತುಂಬಿ ತಲುಪಿಸಿದಳು, ಬೇಡ ಬೇಡವೆಂದರೂ ಮನೆ ಗುಡಿಸಿ ಬಂದಳು. ಅಕ್ಕ ಅಂದ್ರೆ ಹೀಗಿರ್ಬೇಕು ಎಂದು ಅಂಗಡಿಯ ಗಿರಾಕಿಗಳು ಹೊಗಳಿದರು. ಚಿಕ್ಕಂದಿನಲ್ಲಿ ಎರಡು ಕಾಲನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸುತ್ತಿದ್ದಳೆಂದು ತಂಗಿಗೆ ಗುಬ್ಬಿ ಎಂದು ಹೆಸರಿಟ್ಟವಳು ಅವಳೇ. ಈಗ ಎಲ್ಲರೂ ಹಾಗೇ ಕರೆಯುತ್ತಿದ್ದರು; ಅವಳೊಬ್ಬಳ ಬಾಯಿಗೆ ಮಾತ್ರ ಆ ಹೆಸರು ಬರುತ್ತಿರಲಿಲ್ಲ.

ಹತ್ತೂ ಮುಕ್ಕಾಲಿಗೇ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಒಂದು ಭಾರ, ಒಂದು ಹಗುರ; ಒಂದು ಭಾರ, ಒಂದು ಹಗುರ. ಬಾಗಿಲು ತೆಗೆದಾಗ ಮುಂದೆ ತಂಗಿ, ಹಿಂದೆ ತಂಗಿಯ ಗಂಡ. ಅಂಗಡಿಗಳ ತೂಕದ ಯಂತ್ರ ರಿಪೇರಿ ಮಾಡುವುದು ಅವನ ಕಸುಬು. ಈಗಲೂ ಒಂದು ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಎಳೆಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದ. ಹೆಗಲ ಮೇಲೆ ಇನ್ನೂ ಎರಡು ಗಂಟು.

'ನೋಡಿದ್ಯಾ ನನ್ನ ಬೂಟು?' ಎಂದು ತಂಗಿ ಬಾಗಿಲಲ್ಲೇ ಕಾಲೆತ್ತಿ ತೋರಿಸಿದಳು. 'ಹದಿನೈದು ದಿನದಿಂದ ಇದನ್ನ ಹಾಕ್ಕೊಂಡೇ ಕತ್ತರಿ ಹಿಡೀತಿದೀನಿ. ಬಂದವರೆಲ್ಲ ಕೇಳ್ತಾರೆ, ಏನಮ್ಮಾ, ಯುದ್ಧಕ್ಕೆ ಹೊರಟ್ಯಾ ಅಂತ.'

'ಮೆತ್ತಗಾಯ್ತಾ?'

'ಬೂಟು ಎಲ್ಲಿ ಮೆತ್ತಗಾಗುತ್ತೆ, ನಾನೇ ಮೆತ್ತಗಾದೆ. ಆದ್ರೆ ಈ ಸಲ ಯಾರೂ ನನ್ನ ಬೂಟಿನ ಮಾತಾಡೋ ಹಾಗಿಲ್ಲ.'

ತಂಗಿ ನಕ್ಕಳು. ಅವಳೂ ನಕ್ಕಳು, ತುಟಿಯಷ್ಟರಲ್ಲಿ. ತಂಗಿಯ ಗಂಡ ಆಗಲೇ ಮೇಜಿನ ಒಂದು ತುದಿ ಹಿಡಿದು ಯಂತ್ರ ಇಟ್ಟು, ಸೊನ್ನೆ ತೋರಿಸುವವರೆಗೂ ಉಸಿರು ಬಿಗಿಹಿಡಿದು ನೋಡಿ, ಗಂಟು ಬಿಚ್ಚತೊಡಗಿದ್ದ. 'ಬೆನ್ನ ಮೇಲೆ ಹೋಗೋದೆಲ್ಲ ಮೊದಲು ತಟ್ಟೆ ಮೇಲೆ ಬರ್ಬೇಕು, ಅತ್ತಿಗೆ. ಬೆಟ್ಟಕ್ಕೆ ಸುಳ್ಳು ಹೇಳೋಕಾಗಲ್ಲ.' ಚಮಚ, ಮೇಣದ ಬತ್ತಿ, ಹಗ್ಗ, ಸೀಮೆಎಣ್ಣೆಯ ಪುಟ್ಟ ಒಲೆ. ಒಂದೊಂದನ್ನೂ ಇಟ್ಟು ಅಂಕಿಯನ್ನು ಗಟ್ಟಿಯಾಗಿ ಓದಿ ಚೀಟಿಯಲ್ಲಿ ಬರೆದುಕೊಂಡ. 'ಹಲ್ಲುಜ್ಜೋ ಬ್ರಷ್ಷಿನ ಹಿಡಿ ಅರ್ಧ ಕತ್ತರಿಸಿದ್ರೆ ಎಂಟು ಗ್ರಾಂ ಉಳಿಯುತ್ತೆ' ಎಂದ.

'ನಿಮ್ಮ ಹೊಟ್ಟೆ ಅರ್ಧ ಕತ್ತರಿಸಿದ್ರೆ ಎಂಟು ಕಿಲೋ ಉಳಿಯುತ್ತೆ' ಎಂದಳು ತಂಗಿ. ಹಾಗೆಂದು ಕುರ್ಚಿ ಎಳೆದು ಕೂತು, ಇನ್ನೊಂದು ಕುರ್ಚಿಯ ಮೇಲೆ ಬಲಗಾಲು ಚಾಚಿ, ಎರಡು ಹಾಳೆಯ ಯೋಜನೆಯನ್ನು ಕೈಗೆತ್ತಿಕೊಂಡಳು. ಓದುತ್ತಾ ಓದುತ್ತಾ ಅವಳ ಹುಬ್ಬು ಮೇಲೆ ಹೋಯಿತು. 'ಮೊದಲನೇ ದಿನ ಸೇತುವೆ ಹತ್ರದ ವಸತಿಗೃಹ. ಎರಡನೇ ದಿನ ಬಸ್ ನಿಲ್ದಾಣದ ಹಿಂದಿನ ವಸತಿಗೃಹ. ಮೂರನೇ ದಿನ... ಅಕ್ಕಾ, ಇದು ಬೆಟ್ಟ ಹತ್ತೋರ ಪ್ಲಾನಾ, ಬಸ್ಸು ತಪ್ಪಿಸ್ಕೊಂಡೋರ ಗೋಳಾ?'

'ಮೇಲೆ ಮಣ್ಣು ಕುಸಿದಿದೆಯಂತೆ.'

'ಅದು ಹೋದ ವರ್ಷದ್ದು, ಅತ್ತಿಗೆ' ಎಂದ ತಂಗಿಯ ಗಂಡ, ಹಗ್ಗದಿಂದ ಕಣ್ಣು ತೆಗೆಯದೆ. 'ಹೊಸ ದಾರಿ ಕಡಿದಿದಾರೆ.'

'ಅನುಮತಿ ಕೊಡ್ತಿಲ್ಲ ಅಂತ...'

ಅವನು ಅಂಗಿಯ ಜೇಬಿನಿಂದ ಮಡಿಸಿದ ಕಾಗದ ತೆಗೆದು ನಕ್ಷೆಯ ಮೇಲಿಟ್ಟ. ಮೂವರ ಹೆಸರಿನ ಅನುಮತಿ ಪತ್ರ, ಕೆಳಗೆ ದುಂಡು ಮೊಹರು. 'ನಿಮಗೆ ಆಶ್ಚರ್ಯ ಆಗ್ಲಿ ಅಂತ ಹೇಳಿರ್ಲಿಲ್ಲ' ಎಂದು ಹಲ್ಲು ಕಿರಿದ. ಮೂರನೆಯ ಕಾರಣ ಅವಳ ಗಂಟಲವರೆಗೆ ಬಂದಿತ್ತು. ಎದುರಿಗೆ ತಂಗಿ, ಮಾತಿನ ನಡುವೆ ತನಗೇ ಗೊತ್ತಿಲ್ಲದ ಹಾಗೆ, ಬೂಟಿನ ಮೇಲಂಚಿನೊಳಗೆ ಎರಡು ಬೆರಳು ತೂರಿಸಿ ಪಾದದ ಗಂಟನ್ನು ತಿಕ್ಕಿಕೊಳ್ಳುತ್ತಿದ್ದಳು. ಮಂಡಿ ಎನ್ನುವ ಪದ ಹೊರಗೆ ಬರಲಿಲ್ಲ. ತಂಗಿ ಮುಂದಕ್ಕೆ ಬಾಗಿ ನಕ್ಷೆಯ ಮೇಲೆ, ಎರಡು ಶಿಖರಗಳ ನಡುವೆ, ಸರಿಯಾಗಿ ಅದೇ ಜಾಗದಲ್ಲಿ ಬೆರಳಿಟ್ಟು, 'ಇಲ್ಲೇ ಹೋಗ್ಬೇಕು. ಇದನ್ನ ದಾಟದೆ ನಾನು ಮುದುಕಿ ಆಗಲ್ಲ' ಎಂದಳು.

'ಭಯ ಯಾಕೆ, ನಕ್ಷೆ ಅತ್ತಿಗೆ ಕೈಲಿರುತ್ತಲ್ಲ' ಎಂದ ಅವನು. 'ಹೋದ್ಸಲ ಆ ಹಾಳು ಮಂಜು ಇಲ್ದಿದ್ರೆ...'

'ಮಂಜಲ್ಲ' ಎಂದಳು ಅವಳು.

ತಾನೇ ಹೇಳಿದ್ದೆಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಇಬ್ಬರೂ ತಲೆಯೆತ್ತಿ ನೋಡುತ್ತಿದ್ದರು. ಹೇಳಬೇಕಾದ್ದನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲಿ ಬರೆದು ತಿದ್ದಿ ಇಟ್ಟಿದ್ದಳು, ಪೀಠಿಕೆ ಸಮೇತ, ಕ್ಷಮೆಯ ಮಾತು ಸಮೇತ. ಅದರಲ್ಲಿ ಒಂದಕ್ಷರವೂ ಈಗ ನೆನಪಿಗೆ ಬರಲಿಲ್ಲ. ಉಪ್ಪಿನ ಭರಣಿ ನೋಡುತ್ತಾ ಹೇಳಿದಳು: 'ಮಂಜು ಆಗಾಗ ಸರೀತಿತ್ತು. ದಾರಿ ಕಾಣೋಷ್ಟು ಸರೀತಿತ್ತು. ನಂಗೆ ನಕ್ಷೆ ಕಾಣ್ಲಿಲ್ಲ. ಕನ್ನಡಕ ಚೀಲದಲ್ಲಿತ್ತು, ಆಗ್ಲೇ ಮಾಡ್ಸಿದ್ದೆ, ಯಾರಿಗೂ ಹೇಳಿರ್ಲಿಲ್ಲ. ತೆಗೆದು ಹಾಕ್ಕೊಳ್ಳೋಕೆ ನಾಚಿಕೆಯಾಯ್ತು. ಸುಮ್ನೆ ಎಡಕ್ಕೆ ಅಂದೆ. ಆಮೇಲೆ ಆಸ್ಪತ್ರೆಲಿ ಅಮ್ಮನ ಮುಂದೆ ನಿನ್ನ ಬೂಟಿನ ಮೇಲೆ ಹಾಕ್ದೆ. ಬೂಟು ಗಟ್ಟಿಯಾಗೇ ಇತ್ತು. ಆ ಜಲ್ಲಿಲಿ ಯಾವ ಬೂಟೂ ನಿಲ್ತಿರ್ಲಿಲ್ಲ.'

ತಂಗಿ ಕುರ್ಚಿಯಿಂದ ಕಾಲು ಇಳಿಸಿದಳು. ಎದ್ದು, ಒಂದು ಭಾರ, ಒಂದು ಹಗುರ, ಬಾಲ್ಕನಿಗೆ ಹೋಗಿ ಬೆನ್ನು ಮಾಡಿ ನಿಂತಳು. ಒಣಗಿಹಾಕಿದ ಎರಡು ಟವೆಲುಗಳ ನಡುವೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಆಯಿತು, ಎಂದುಕೊಂಡಳು ಅವಳು. ಬುಧವಾರದ ಡಬ್ಬಿ ಇನ್ನು ಬೇಡವೆನ್ನುತ್ತಾಳೆ. ಬೇಡವೆನ್ನಲೂ ಬಾರದೆ, ಬೇರೆಯವರ ಕೈಯಲ್ಲಿ ಡಬ್ಬಿ ವಾಪಸು ಕಳಿಸುತ್ತಾಳೆ. ವಿಚಿತ್ರವೆಂದರೆ ಈ ಯೋಚನೆಯ ಕೆಳಗೆ, ಹೆದರಿಕೆಯ ಕೆಳಗೆ, ಬಿಗಿ ಕಟ್ಟಿದ್ದ ಯಾವುದೋ ದಾರ ಸಡಿಲವಾಗಿತ್ತು. ತಂಗಿಯ ಗಂಡನ ಕೈಯಲ್ಲಿದ್ದ ಪಾತ್ರೆ ತಟ್ಟೆಯ ಮೇಲೆ ಕೂತಿತು. 'ಇನ್ನೂರ ನಲವತ್ತು' ಎಂದು ಅವನು ಯಾರಿಗೂ ಅಲ್ಲದೆ ಹೇಳಿದ. ಬರೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಾಲ್ಕನಿಯ ಕಡೆ ನೋಡಿ, ಅವಳ ಕಡೆ ನೋಡಿ, ಕೈ ಚಾಚಿದ. 'ಕೊಡಿ ಇಲ್ಲಿ, ಅತ್ತಿಗೆ.'

'ಏನು?'

'ಕನ್ನಡಕ.'

ಅವಳು ತೆಗೆದುಕೊಟ್ಟಳು. ಅವನು ಅದರ ಕಡ್ಡಿಗಳನ್ನು ಮಡಿಸಿ, ಚಿನ್ನದ ಅಂಗಡಿಯವನ ಜಾಗ್ರತೆಯಲ್ಲಿ ತಟ್ಟೆಯ ನಡುವೆ ಇಟ್ಟು ಬಗ್ಗಿ ನೋಡಿದ. 'ಇಪ್ಪತ್ತೆರಡು ಗ್ರಾಂ. ಇದನ್ನ ಹೊರೋಕೆ ಇಷ್ಟು ಕಷ್ಟ ಆಯ್ತಾ ನಿಮ್ಗೆ?' ಎಂದ. ಅಪಹಾಸ್ಯವಿರಲಿಲ್ಲ ಅದರಲ್ಲಿ, ಅವನಿಗೆ ನಿಜವಾಗಿಯೂ ಲೆಕ್ಕ ಸಿಕ್ಕಿರಲಿಲ್ಲ. ಅವಳಿಗೆ ನಗು ಬಂತೋ ಅಳು ಬಂತೋ, ಎರಡೂ ಗಂಟಲಲ್ಲಿ ಒಂದಕ್ಕೊಂದು ಅಡ್ಡ ಬಂದು ಬಿಕ್ಕಳಿಕೆಯಾಯಿತು. ಆ ಹೊತ್ತಿಗೆ ಬೂಟಿನ ಸದ್ದು ವಾಪಸು ಬಂತು. ಕನ್ನಡಕವಿಲ್ಲದ, ನೀರು ತುಂಬಿದ ಕಣ್ಣಿಗೆ ಎದುರಿಗೆ ಬಂದು ಕೂತ ತಂಗಿಯ ಮುಖ ಬರೀ ಒಂದು ಬೆಳಕಿನ ಮಚ್ಚೆ. ಕೋಪವೋ ಮರುಕವೋ ಓದಲಾಗಲಿಲ್ಲ. ದನಿ ಮಾತ್ರ ಹತ್ತಿರದಿಂದ ಕೇಳಿತು.

'ನಾನು ದಾರದ ಗಂಟು ಹಾಕ್ತಿದ್ನಲ್ಲ, ಆಗ ಬಲಗಡೆ ಒಂದು ಕಲ್ಲಿನ ಗುಡ್ಡೆ ಕಾಣ್ತು. ದಾರಿ ಗುರುತಿಗೆ ಕಲ್ಲಿನ ಮೇಲೆ ಕಲ್ಲು ಇಟ್ಟಿರ್ತಾರಲ್ಲ, ಅದು. ಪಕ್ಕದ ಬಂಡೆ ಮೇಲೆ ಕೆಂಪು ಬಣ್ಣದ ಬಾಣ. ನೀನು ಎಡಕ್ಕೆ ಅಂದೆ.'

'ನೋಡಿದ್ಯಾ ನೀನು?'

'ನೋಡ್ದೆ.'

'ಮತ್ತೆ ಯಾಕೆ ಹೇಳ್ಲಿಲ್ಲ?'

ತಂಗಿ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. 'ಅವತ್ತು ಬೆಳಿಗ್ಗೆ ಡೇರೆ ಹತ್ರ ನನ್ನ ಚೀಲ ಪೂರ್ತಿ ಸುರಿದು ಮತ್ತೆ ತುಂಬಿದ್ಯಲ್ಲ, ನೆನಪಿದ್ಯಾ? ಅಲ್ಲಿ ಬೇರೆ ಜನಾನೂ ಇದ್ರು. ನನ್ನ ಪುಟ್ಟ ಕನ್ನಡಿ, ಬಾಚಣಿಗೆ ಎಲ್ಲ ಎತ್ತಿ ತೋರ್ಸಿ, ಇದೆಲ್ಲ ಬೆಟ್ಟಕ್ಕೆ ಯಾಕೇ ಅಂದೆ. ಎಲ್ರೂ ನಕ್ರು. ನಂಗೆ ಮೂವತ್ತೆಂಟು ವರ್ಷ ಅಕ್ಕಾ ಆಗ. ಎಡಕ್ಕೆ ಅಂದಾಗ ಅನ್ನಿಸ್ತು, ಇವಳು ತಪ್ಪೋದನ್ನ ಒಂದ್ಸಲ ನೋಡ್ಬೇಕು ಅಂತ. ಹುಟ್ಟಿದಾಗಿಂದ ನೋಡೇ ಇಲ್ವಲ್ಲ. ನೂರು ಹೆಜ್ಜೆ ಹೋಗ್ಲಿ, ಆಮೇಲೆ ಹೇಳೋಣ ಅಂತ ಎಣಿಸ್ತಾ ಬಂದೆ.' ಅವಳ ದನಿ ಒಂದು ಕಡೆ ಮುರಿಯಿತು, ಮತ್ತೆ ಕೂಡಿಕೊಂಡಿತು. 'ತೊಂಬತ್ತಕ್ಕೇ ಬಿದ್ದೆ.'

ತೊಂಬತ್ತು. ಅವಳು ಆ ಅಂಕಿಯನ್ನು ಮನಸ್ಸಿನಲ್ಲಿ ಹಿಡಿದು ನೋಡಿದಳು. ಬೆನ್ನ ಹಿಂದೆ, ಆ ಜಲ್ಲಿಯ ಸದ್ದಿನ ನಡುವೆ, ತಂಗಿ ಬಾಯೊಳಗೇ ಎಣಿಸುತ್ತಾ ಇಳಿಯುತ್ತಿದ್ದಳು. ಮುಂದೆ ತಾನು, ಕುರುಡಿ, ಗಟ್ಟಿ ಹೆಜ್ಜೆ ಇಡುತ್ತಾ. 'ಹಾಗಾದ್ರೆ ಆಸ್ಪತ್ರೆಲಿ, ಬೂಟು ಅಂದಾಗ?'

'ಬದುಕಿದೆ ಅನ್ನಿಸ್ತು' ಎಂದಳು ತಂಗಿ. 'ನಾನು ಹೇಳ್ಬೇಕಾದ್ದೆಲ್ಲ ಬೂಟಿನ ಮೇಲೆ ಹೋಯ್ತಲ್ಲ ಅಂತ. ಆಮೇಲೆ ನೀನು ತರಕಾರಿ ಹೆಚ್ಕೊಂಡು ಬರೋದು, ಕಸ ಗುಡಿಸೋದು. ಪ್ರತಿ ಬುಧವಾರ ನಂಗೆ ಮೈಯೆಲ್ಲ ಮುಳ್ಳು. ಈ ಪಾಪದವಳು ಮಂಜಿಗೆ ಮೋಸ ಹೋಗಿದಾಳೆ, ನಾನು ಬಾಯಿ ಬಿಡ್ದೆ ಸೇವೆ ಮಾಡ್ಸ್ಕೊತಿದೀನಿ ಅಂತ. ಇವತ್ತು ಮತ್ತೆ ಅಲ್ಲಿಗೇ ಹೋಗ್ಬೇಕು ಅಂತ ಹಟ ಹಿಡಿದಿದ್ದು ಯಾಕೆ ಅಂದ್ಕೊಂಡೆ? ಆ ಕಲ್ಲಿನ ಗುಡ್ಡೆ ಹತ್ರ ನಿಲ್ಸಿ ಹೇಳೋಣ ಅಂತಿದ್ದೆ. ಅಲ್ಲಾದ್ರೆ ನೀನು ಓಡಿಹೋಗೋ ಹಾಗಿರಲ್ಲ.'

'ಅಯ್ಯೋ ಗುಬ್ಬಿ' ಎಂದಳು ಅವಳು.

'ಆದ್ರೆ ಒಂದು ಹೇಳ್ತೀನಿ' ಎಂದ ತಂಗಿಯ ದನಿಯಲ್ಲಿ ಈಗ ನಿಜವಾದ ಸಿಟ್ಟಿತ್ತು, ಚಿಕ್ಕಂದಿನ ಸಿಟ್ಟು, ಮೂಗಿನಿಂದ ಬರುವಂಥದ್ದು. 'ದಾರಿ ತಪ್ಪಿದ್ದು ಬಿಡು, ಅದ್ರಲ್ಲಿ ನಂಗೂ ಪಾಲಿದೆ. ಆ ಚೀಲ ಸುರಿದಿದ್ದು ಮಾತ್ರ ನಂಗಿನ್ನೂ ಉರಿಯುತ್ತೆ. ಈ ಸಲ ನನ್ನ ಚೀಲ ನಾನೇ ತುಂಬ್ಕೋತೀನಿ. ಕನ್ನಡಿ ತಗೊಂಡು ಹೋಗ್ತೀನಿ. ಎರಡು ತಗೊಂಡು ಹೋಗ್ತೀನಿ.'

'ಹೋಗು. ಗೋಡೆಗೆ ಹಾಕೋ ಕನ್ನಡಿ ಬೇಕಾದ್ರೂ ಹೊತ್ಕೊಂಡು ಹೋಗು.'

'ಅದು ಕಮ್ಮಿ ಅಂದ್ರೂ ಆರು ಕಿಲೋ ಆಗುತ್ತೆ' ಎಂದ ತಂಗಿಯ ಗಂಡ. ಇಬ್ಬರೂ ಅವನ ಕಡೆ ತಿರುಗಿದರು.

'ರೀ, ಅವತ್ತು ನೀವೆಲ್ಲಿದ್ರಿ?' ಎಂದಳು ತಂಗಿ, ಆಗಷ್ಟೇ ಹೊಳೆದವಳ ಹಾಗೆ. 'ನಮ್ಮ ಹಿಂದೆ ಇದ್ರಿ ತಾನೆ? ನಿಮ್ಗೂ ಆ ಬಾಣ ಕಾಣ್ಬೇಕಿತ್ತಲ್ಲ?'

ಅವನು ಚಮಚವನ್ನು ಒರೆಸಿದ. 'ನಾನು ಬಂಡೆ ಹಿಂದೆ ಹೋಗಿದ್ದೆ' ಎಂದ. 'ಬೆಳಿಗ್ಗೆಯಿಂದ ತಡ್ಕೊಂಡಿದ್ದೆ. ಆಚೆ ಬರೋಷ್ಟರಲ್ಲಿ ನೀವಿಬ್ರೂ ಇಳಿಯೋಕೆ ಶುರು ಮಾಡಿದ್ರಿ. ಬಹುಶಃ... ನಾನು ನಿಂತಿದ್ದು ಆ ಬಾಣದ ಬಂಡೆ ಹಿಂದೇನೇ ಇರ್ಬೇಕು.'

ಮೊದಲು ನಕ್ಕವಳು ತಂಗಿ. ಅವಳ ನಗು ಯಾವಾಗಲೂ ತಡವಾಗಿ ಶುರುವಾಗಿ ತಡೆಯಲಾಗದಷ್ಟು ಆಗುತ್ತಿತ್ತು. ಮೇಜು ಹಿಡಿದುಕೊಂಡು, ನಕ್ಷೆಯ ಮೇಲೆ ಹಣೆ ಇಟ್ಟು ನಕ್ಕಳು. ಅಕ್ಕನಿಗೂ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಂಡಷ್ಟೂ ಸುರಿಯುತ್ತಿತ್ತು, ಅದರಲ್ಲಿ ನಗುವಿನದೆಷ್ಟು, ನಾಲ್ಕು ವರ್ಷದ್ದೆಷ್ಟು ಎಂದು ಬೇರೆ ಮಾಡುವ ಗೋಜಿಗೆ ಅವಳು ಹೋಗಲಿಲ್ಲ. ನಾಳೆ ಮುದ್ರಣಾಲಯಕ್ಕೆ ಹೋದ ಕೂಡಲೇ ಆ ಮುದುಕನ ಹತ್ತಿರ, ಮಾಲೀಕರ ಹತ್ತಿರ, ಶಾಯಿಯದಲ್ಲ, ನನ್ನದು ಎಂದು ಹೇಳಬೇಕು ಎನ್ನುವುದು ನೆನಪಾಯಿತು. ಬೈಯುತ್ತಾರೆ. ಬೈಯಲಿ. ಎಂಟು ಸಾವಿರ ಹೊದಿಕೆಗೆ ಎಂಟು ಸಾವಿರ ಚೀಟಿ ಅಂಟಿಸಬೇಕಾಗುತ್ತದೆ. ತಾನೂ ಕೂತು ಅಂಟಿಸಿದರಾಯಿತು. ಪಾದದ ಗಂಟಿನೊಳಗಿನ ತಿರುಪುಗಳು ಮಾತ್ರ ಅಲ್ಲೇ ಇರುತ್ತವೆ. ಅದಕ್ಕೆ ಚೀಟಿಯಿಲ್ಲ. ನಗು ನಿಂತ ಮೇಲೆ, ತಟ್ಟೆಯಿಂದ ಎತ್ತಿ ಹಾಕಿಕೊಂಡ ಕನ್ನಡಕದೊಳಗಿಂದ, ತಂಗಿ ಮತ್ತೆ ಎರಡು ಬೆರಳನ್ನು ಬೂಟಿನೊಳಗೆ ತೂರಿಸಿದ್ದನ್ನು ಅವಳು ಕಂಡಳು. ಈ ಸಲ ಕಣ್ಣು ತಪ್ಪಿಸಲಿಲ್ಲ.

'ಬಿಚ್ಚು ಅದನ್ನ' ಎಂದಳು. 'ಮನೆಯೊಳಗೆ ಯಾವ ಬೆಟ್ಟ ಇದೆ?'

ತಂಗಿ ಬೂಟು ಬಿಚ್ಚಿ ಬರಿಗಾಲಲ್ಲಿ ಬೆರಳುಗಳನ್ನು ಅಗಲಿಸಿ ಕೂತಳು. ಚಹಾ ಆಯಿತು, ಚಹಾದ ಜೊತೆ ಬ್ರೆಡ್ಡು ಸುಟ್ಟರು. ತಂಗಿ ಎರಡು ಹಾಳೆಯ ಯೋಜನೆಯನ್ನು ಮಡಿಸಿ ಅದರ ಮೇಲೆ ಬಿಸಿ ಪಾತ್ರೆ ಇಟ್ಟಳು, ನಕ್ಷೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು, ಪೆನ್ಸಿಲ್ ಕೇಳಿದಳು. 'ನಕ್ಷೆ ನನ್ನ ಹತ್ರ. ನೀನು ಪ್ರಶ್ನೆ ಕೇಳ್ಬಹುದು, ಉತ್ತರ ಹೇಳೋ ಹಾಗಿಲ್ಲ.' ಆರು ದಿನ ಮತ್ತೆ ಆರು ದಿನವಾಯಿತು. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ನಡೆಯುವುದು ಬೇಡ, ನನ್ನ ಕಾಲು ಎಲ್ಲಿ ನಿಲ್ಲು ಅನ್ನುತ್ತದೋ ಅಲ್ಲಿ ಡೇರೆ, ಎಂದಳು ತಂಗಿ. ಹಾಗಾದರೆ ತಡವಾದೀತು, ಊಟ ಎಂಟು ದಿನದ್ದು ಹೊರಬೇಕು ಎಂದ ಅವಳ ಗಂಡ. ಹೊರಿ ಎಂದಳು ತಂಗಿ. ಬಲಗಡೆಯ ಕೊರಕಲಿನ ಮೇಲೆ ಪೆನ್ಸಿಲ್ಲಿನ ಗೆರೆ ನಡುಗುತ್ತಾ ಇಳಿಯಿತು. ಒಂದು ಕಡೆ ತೊರೆ ದಾಟುವ ಜಾಗ ತಪ್ಪಾಯಿತು. 'ಅಲ್ಲಿ ಸೇತುವೆ ಇದೆಯಾ?' ಎಂದು ಅವಳು ಬರೀ ಕೇಳಿದಳು. ತಂಗಿ ಮೂಗಿನವರೆಗೆ ನಕ್ಷೆ ಎತ್ತಿ ನೋಡಿ, ಛೆ, ಎಂದು ಅಳಿಸಿ ಮತ್ತೆ ಬರೆದಳು. ತಪ್ಪು ಹಾಗೆ ಅಳಿಸಿಹೋಗುವುದನ್ನು ಅವಳು ಸುಮ್ಮನೆ ನೋಡುತ್ತಾ ಕೂತಳು. ರಬ್ಬರಿನ ಪುಡಿಯನ್ನು ತಂಗಿಯೇ ಊದಿದಳು.

ಎರಡು ಗಂಟೆಯ ಹೊತ್ತಿಗೆ ತಂಗಿಯ ಗಂಡ ಎರಡನೆಯ ಗಂಟು ಬಿಚ್ಚಿ ಹೊಸ ಮಲಗುವ ಚೀಲವೊಂದನ್ನು ನೆಲದ ಮೇಲೆ ಹಾಸಿದ. ಅದರ ಜಿಪ್ ನಡುವೆ ಸಿಕ್ಕಿಕೊಳ್ಳುತ್ತದೆಂದು ಅವನ ದೂರು. 'ಅತ್ತಿಗೆ, ಸ್ವಲ್ಪ ಒಳಗೆ ಹೋಗಿ ನೋಡ್ತೀರಾ? ಹತ್ತು ನಿಮಿಷ. ಸೆಖೆ ಆಗುತ್ತಾ, ಹೆಗಲ ಹತ್ರ ಬಿಗಿಯಾಗುತ್ತಾ ಹೇಳಿ.' ಅವಳು ಚಪ್ಪಲಿ ಬಿಟ್ಟು, ಸೀರೆ ಒಟ್ಟುಮಾಡಿಕೊಂಡು ಒಳಗೆ ನುಸುಳಿದಳು. ಜಿಪ್ ಗಲ್ಲದವರೆಗೂ ಬಂತು. ನೆಲದಿಂದ ನೋಡಿದರೆ ಮನೆ ಬೇರೆಯೇ ಆಗಿತ್ತು: ಮೇಜಿನ ಅಡಿಯಲ್ಲಿ ಬಡಗಿ ಬರೆದ ಸೀಮೆಸುಣ್ಣದ ಅಂಕಿ, ಕುರ್ಚಿಗಳ ಕಾಲುಗಳು, ಅವುಗಳ ನಡುವೆ ತಂಗಿಯ ಬರಿಗಾಲು ಲಯವಿಲ್ಲದೆ ಆಡುತ್ತಿತ್ತು. ಮೇಲೆ ಇಬ್ಬರೂ ಜಗಳ ಹಚ್ಚಿದ್ದರು. ನಾಲ್ಕನೆಯ ದಿನ ಕೆರೆಯ ಈ ದಡವೋ ಆ ದಡವೋ. ಈ ದಡದಲ್ಲಿ ಗಾಳಿ ಎಂದ ಅವನು. ಆ ದಡದಲ್ಲಿ ಸೌದೆಯಿಲ್ಲ ಎಂದಳು ತಂಗಿ.

'ಅತ್ತಿಗೆ, ನೀವೇ ಹೇಳಿ. ಯಾವ ದಡ?'

ಅವಳು ಯೋಚಿಸಿದಳು. ಕೆರೆ ಅವಳ ಕಣ್ಣ ಮುಂದೆ ಬರಲಿಲ್ಲ. 'ನಂಗೊತ್ತಿಲ್ಲ' ಎಂದಳು. ಹೇಳಲು ಇಷ್ಟು ಸುಲಭದ ಮಾತು ಇದು ಎಂದು ಗೊತ್ತಿರಲಿಲ್ಲ; ಇನ್ನೊಂದು ಸಲ ಹೇಳಬೇಕೆನ್ನಿಸಿತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಜಾರಿ ಚೀಲದ ಕಾಲಿನ ತುದಿಗೆ ಬಂದಿತ್ತು. ಚೀಲದೊಳಗೆ ಹೊಸ ಬಟ್ಟೆಯ ವಾಸನೆ, ತನ್ನದೇ ಮೈಯ ಬಿಸಿ. ಹೆಗಲ ಹತ್ತಿರ ಬಿಗಿಯಿರಲಿಲ್ಲ. ಅದನ್ನು ಹೇಳಬೇಕೆಂದುಕೊಂಡಳು, ಬಾಯಿ ತೆರೆಯುವಷ್ಟರಲ್ಲಿ ದನಿಗಳು ದೂರ ಸರಿದವು.

'ಹತ್ತು ನಿಮಿಷ ಆಯ್ತು. ಎಬ್ಬಿಸ್ಲಾ?'

'ಬೇಡ ಬಿಡ್ರಿ, ಮಲಗ್ಲಿ' ಎಂದಿತು ತಂಗಿಯ ದನಿ, ಎಲ್ಲೋ ಮೇಲಿನಿಂದ. 'ನಂಗೆ ಈ ಕೆರೆ ಇನ್ನೂ ಸರಿ ಹೋಗ್ತಿಲ್ಲ.'

ಪೆನ್ಸಿಲ್ ಕಾಗದದ ಮೇಲೆ ಹರಿಯುವ ಸದ್ದು, ನಿಲ್ಲುವ ಸದ್ದು. ಆಮೇಲೆ ಯಾರೋ ಬಗ್ಗಿ, ಗಾಳಿಯಾಡಲೆಂದು, ಜಿಪ್ಪನ್ನು ಒಂದು ಗೇಣು ಕೆಳಗೆ ಎಳೆದರು. ಯಾರೆಂದು ಅವಳು ಕಣ್ಣು ತೆರೆದು ನೋಡಲಿಲ್ಲ.